ಕೂಟದಂಥ ಒಂದು ಕಂಪ್ಯೂಟರ್ ಆಟ: 1980ರ ‘ರೋಗ್’

ಆಟಿ ತಿಂಗಳ ಜಡಿಮಳೆಗೆ ಶಾಲೆ-ಕಾಲೇಜುಗಳಿಗೆ ರಜೆ ಸಾರಿದ ದಿನ. ಉಡುಪಿಯಿಂದ ಬಂದಿದ್ದ ತಂಗಿಯ ಮಗ ಮಂಗಳೂರಿನ ನಮ್ಮ ಮನೆಯಲ್ಲೇ ಉಳಿದುಕೊಂಡಿದ್ದ. ಬೆಳಿಗ್ಗೆಯೇ ಕರೆಂಟು ಹೋಗಿತ್ತು, ನೆಟ್‌ವರ್ಕೂ ಕೈಕೊಟ್ಟಿತ್ತು. ಅವನ ಮೊಬೈಲಿನ ಆಟ ಒಂದೂ ತೆರೆಯಲಿಲ್ಲ. ನನ್ನ ಲ್ಯಾಪ್‌ಟಾಪ್‌ನಲ್ಲಿ ಚಾರ್ಜ್ ಇತ್ತು. ಎರಡು ವಾರದಿಂದ ನಾನು ಬಿಡದೆ ಆಡುತ್ತಿದ್ದ ‘ರೋಗ್’ ಎಂಬ ಆಟವನ್ನು ತೆರೆದು ಅವನ ಮುಂದಿಟ್ಟೆ.

“ಎಂತ ಮಾಮ ಇದು? ಬರೀ ಅಕ್ಷರ ಉಂಟಲ್ಲ. ಆಟ ಎಲ್ಲಿ?”

ಮೊದಲ ಸಲ ತೆರೆದಾಗ ನನಗೂ ಹಾಗೇ ಅನಿಸಿತ್ತು. ಕಪ್ಪು ಪರದೆ. ನಡುವೆ ಅಡ್ಡಗೆರೆ, ಉದ್ದಗೆರೆಗಳನ್ನು ಜೋಡಿಸಿ ಮಾಡಿದ ಒಂದು ಚೌಕ. ಚೌಕದ ತುಂಬ ಚುಕ್ಕಿಗಳು. ಚುಕ್ಕಿಗಳ ನಡುವೆ, ಇಮೇಲ್ ವಿಳಾಸದಲ್ಲಿ ಬರುತ್ತದಲ್ಲ, ಆ ‘ಅಟ್’ ಚಿಹ್ನೆ. ಕೆಳಗೆ ಒಂದು ಸಾಲಿನಲ್ಲಿ ಕೆಲವು ಅಂಕಿಗಳು. ಸಂಗೀತ ಇಲ್ಲ, ಹೀಗೆ ಆಡು ಎಂದು ಹೇಳಿಕೊಡುವವರೂ ಇಲ್ಲ. ಹತ್ತೇ ನಿಮಿಷದಲ್ಲಿ ಮುಚ್ಚಿಡಬೇಕು ಅನಿಸುತ್ತದೆ. ನಾನು ಮುಚ್ಚಿಡದೆ ಮುಂದುವರಿದದ್ದಕ್ಕೆ ನಮ್ಮ ಕಡೆಯದೇ ಒಂದು ಅಭ್ಯಾಸ ಕಾರಣ. ಅದಕ್ಕೆ ಬರುವ ಮೊದಲು ಈ ಪರದೆಯನ್ನು ಓದುವುದು ಹೇಗೆಂದು ನೋಡೋಣ.

‘ಅಟ್’ ಚಿಹ್ನೆಯೇ ನೀವು. ಚುಕ್ಕಿ ಎಂದರೆ ಖಾಲಿ ನೆಲ. ಗೋಡೆಯಲ್ಲಿ ಕೂಡುವ ಚಿಹ್ನೆ ಕಂಡರೆ ಅದು ಬಾಗಿಲು. ನಕ್ಷತ್ರದ ಗುರುತು ಚಿನ್ನ. ಆಶ್ಚರ್ಯಸೂಚಕ ಚಿಹ್ನೆ ಮದ್ದಿನ ಸೀಸೆ, ಪ್ರಶ್ನಾರ್ಥಕ ಚಿಹ್ನೆ ಮಂತ್ರ ಬರೆದ ಸುರುಳಿ. ಶೇಕಡಾ ಚಿಹ್ನೆ ಕಂಡರೆ ಕೆಳಗಿನ ಅಂತಸ್ತಿಗೆ ಇಳಿಯುವ ಮೆಟ್ಟಿಲು. ಇಂಗ್ಲಿಷಿನ 26 ದೊಡ್ಡಕ್ಷರಗಳು 26 ಬಗೆಯ ಶತ್ರುಗಳು: ‘ಬಿ’ ಎಂದರೆ ಬಾವಲಿ, ‘ಎಸ್’ ಎಂದರೆ ಹಾವು, ‘ಡಿ’ ಎಂದರೆ ಡ್ರ್ಯಾಗನ್. ನೆಲಮಾಳಿಗೆಯ 26ನೇ ಅಂತಸ್ತಿನವರೆಗೆ ಇಳಿದು, ಅಲ್ಲಿರುವ ಯೆಂಡರ್‌ನ ತಾಯಿತ ಹಿಡಿದು ಮೇಲೆ ಬರಬೇಕು. ಕಥೆ ಇಷ್ಟೇ. ತಾಯಿತ ಕೈಗೆ ಬರುವ ತನಕ ಮೇಲಿನ ಅಂತಸ್ತಿಗೆ ಹಿಂದಿರುಗುವ ದಾರಿ ಮುಚ್ಚಿರುತ್ತದೆ.

ಅಳಿಯನ ಕೈ ಮೌಸ್ ಹುಡುಕುತ್ತಿತ್ತು. ಇಲ್ಲಿ ಮೌಸಿಗೆ ಕೆಲಸ ಇಲ್ಲ. ‘ಎಚ್’ ಒತ್ತಿದರೆ ಎಡಕ್ಕೆ, ‘ಎಲ್’ ಒತ್ತಿದರೆ ಬಲಕ್ಕೆ, ‘ಜೆ’ ಕೆಳಗೆ, ‘ಕೆ’ ಮೇಲೆ. ಬರಹ ತಿದ್ದುವ ‘ವಿಐ’ ಎಂಬ ತಂತ್ರಾಂಶ ಬಳಸಿದವರಿಗೆ ಈ ನಾಲ್ಕು ಕೀಲಿಗಳು ಗೊತ್ತು. ಆ ಕಾಲದ ಎಡಿಎಂ-3ಎ ಎಂಬ ಟರ್ಮಿನಲ್ಲಿನಲ್ಲಿ, ಅಂದರೆ ದೊಡ್ಡ ಕಂಪ್ಯೂಟರಿಗೆ ಜೋಡಿಸುವ ಪರದೆ-ಕೀಲಿಮಣೆಯಲ್ಲಿ, ಬಾಣದ ಗುರುತುಗಳನ್ನು ಈ ನಾಲ್ಕು ಅಕ್ಷರಗಳ ಮೇಲೆಯೇ ಅಚ್ಚು ಹಾಕಿದ್ದರು. ಅಲ್ಲಿಂದ ಬಂದ ರೂಢಿ ಇದು. ಕುಡಿಯಲು, ಓದಲು, ತಿನ್ನಲು, ಹುಡುಕಲು, ಪ್ರತಿಯೊಂದಕ್ಕೂ ಬೇರೆ ಅಕ್ಷರ. ಕೈಗೆ ರೂಢಿಯಾಗಲು ಒಂದು ಗಂಟೆ ಬೇಕು. ಆ ಒಂದು ಗಂಟೆ ಕೊಡದವರಿಗೆ ಈ ಆಟ ಸಿಗುವುದಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ಇನ್ನು ಇದು ಎಲ್ಲಿಂದ ಬಂತು ಎಂಬ ಪ್ರಶ್ನೆ. ‘ರೋಗ್’ ಆರ್‌ಪಿಜಿ ಎಂಬ ಬಗೆಗೆ ಸೇರಿದ್ದು, ಅಂದರೆ ಒಂದು ಪಾತ್ರ ಹಿಡಿದು ಆಡುವ ಆಟ. ಈ ಬಗೆ ಕಂಪ್ಯೂಟರಿನಲ್ಲಿ ಹುಟ್ಟಿದ್ದಲ್ಲ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಮೇಜಿನ ಸುತ್ತ ಕೂತು ಆಡುವ ಆಟ. ಒಬ್ಬರು ಸೂತ್ರಧಾರ. ಉಳಿದವರು ಒಬ್ಬೊಬ್ಬ ವೀರನ, ಮಂತ್ರವಾದಿಯ ಪಾತ್ರ ಹಿಡಿಯುತ್ತಾರೆ. ನೀವು ಬಾಗಿಲು ತೆರೆದಾಗ ಒಳಗೆ ಏನಿದೆ ಎಂದು ಹೇಳುವವರು ಸೂತ್ರಧಾರ, ಕತ್ತಿ ತಾಗಿತೋ ಇಲ್ಲವೋ ಎಂದು ಹೇಳುವುದು 20 ಮುಖದ ದಾಳ. ಮಾತು, ಕಾಗದ, ದಾಳ, ಇಷ್ಟರಲ್ಲೇ ಇಡೀ ಲೋಕ.

ದಾಳ ಉರುಳಿಸುವುದು, ಕೂಡಿ ಕಳೆಯುವುದು, ಕೋಷ್ಟಕ ನೋಡಿ ಹೇಳುವುದು ಕಂಪ್ಯೂಟರಿಗೆ ಬಲು ಸುಲಭ. ಮರುವರ್ಷವೇ, 1975ರಲ್ಲಿ, ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಪ್ಲೇಟೋ ಎಂಬ ಶಿಕ್ಷಣ ಜಾಲದಲ್ಲಿ ಇಂಥ ಆಟ ಬರೆದದ್ದುಂಟು. ಅದರ ಹೆಸರು ‘ಪಿಎಡಿಟ್5’. ಪಾಠಕ್ಕೆಂದು ಕೊಟ್ಟಿದ್ದ ಕಡತದ ಹೆಸರೇ ಆಟಕ್ಕೂ ಉಳಿಯಿತು. ಕೊನೆಗೆ ಅದನ್ನು ಅಳಿಸಿದರು. 1981ರಲ್ಲಿ ಆ್ಯಪಲ್-2 ಕಂಪ್ಯೂಟರಿಗೆ ‘ವಿಝರ್ಡ್ರಿ’, ‘ಅಲ್ಟಿಮಾ’ ಬಂದವು. ಮುಂದೆ ಜಪಾನಿನ ಆರ್‌ಪಿಜಿ ಆಟಗಳಿಗೆ ದಾರಿ ತೋರಿಸಿದ್ದು ಅವೆರಡು. ಅವುಗಳ ಕಥೆಯೇ ಬೇರೆ, ಇಲ್ಲಿ ಬೇಡ.

‘ರೋಗ್’ ಬಂದದ್ದು 1980ರ ಹೊತ್ತಿಗೆ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾಕ್ರೂಝ್ ವಿದ್ಯಾರ್ಥಿಗಳಾದ ಮೈಕೆಲ್ ಟಾಯ್ ಮತ್ತು ಗ್ಲೆನ್ ವಿಚ್‌ಮನ್ ಅವರಿಂದ. ಆಮೇಲೆ ಟಾಯ್ ಬರ್ಕ್ಲಿಗೆ ಹೋದರು, ಅಲ್ಲಿ ಕೆನ್ ಆರ್ನಾಲ್ಡ್ ಜೊತೆಯಾದರು. ಅವರ ಮುಂದೆ ಒಂದು ಕೊರತೆ ಇತ್ತು. ಆಗ ಹೆಸರಾಗಿದ್ದ ‘ಅಡ್ವೆಂಚರ್’ ಎಂಬ ಗುಹೆಯ ಆಟ ಪೂರ್ತಿ ಮಾತಿನದು, ಬಲು ಚೆಂದದ್ದು. ಆದರೆ ಒಮ್ಮೆ ಗುಹೆಯ ಗುಟ್ಟು ತಿಳಿದ ಮೇಲೆ ಎರಡನೆಯ ಸಲ ಆಡಲು ಏನೂ ಉಳಿಯುವುದಿಲ್ಲ. ಬರೆದವರಿಗಂತೂ ಮೊದಲ ಸಲವೂ ಇಲ್ಲ. ಬರೆದವರೇ ಕೂತರೂ ಮುಂದೇನೆಂದು ತಿಳಿಯದ ಆಟ ಅವರಿಗೆ ಬೇಕಿತ್ತು.

ಈಗ ನಮ್ಮ ಕಡೆಯ ಆ ಅಭ್ಯಾಸಕ್ಕೆ ಬರುತ್ತೇನೆ. ಕರಾವಳಿಯಲ್ಲಿ ‘ಆಟ’ ಎಂದರೆ ಯಕ್ಷಗಾನ ಬಯಲಾಟ. ಅದಕ್ಕೆ ಜೋಡಿಯಾಗಿ ‘ಕೂಟ’ ಇದೆ, ಅಂದರೆ ತಾಳಮದ್ದಳೆ. ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲವಿಡೀ ಕೂಟಗಳ ಕಾಲ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಪಂಚೆ-ಶಾಲಿನಲ್ಲಿ ಕೂತ ಅರ್ಥಧಾರಿಗಳು ಮಾತಾಡುತ್ತಾರೆ. ಕರ್ಣನ ರಥದ ಗಾಲಿ ನೆಲದಲ್ಲಿ ಹೂತದ್ದನ್ನು ನಾನು ಚಿಕ್ಕಂದಿನಲ್ಲಿ ಕಂಡದ್ದು ಹಾಗೆ. ಎದುರಿಗಿದ್ದದ್ದು ಒಂದು ಮೈಕು, ಎರಡು ಕುರ್ಚಿ. ಕಿರೀಟ ತೊಟ್ಟ ಕರ್ಣನನ್ನು ರಂಗಸ್ಥಳದಲ್ಲಿ ಎಷ್ಟೋ ಸಲ ನೋಡಿದ್ದೇನೆ. ಆದರೂ ಕೂಟದಲ್ಲಿ ಕಂಡ ಆ ಕರ್ಣನೇ ಮನಸ್ಸಿನಲ್ಲಿ ಉಳಿದವನು. ಆ ಮುಖವನ್ನು ಕಟ್ಟಿಕೊಂಡವನು ನಾನೇ.

ಇನ್ನೊಂದು ಹೋಲಿಕೆ ಇದಕ್ಕಿಂತ ಮುಖ್ಯ. ಪ್ರಸಂಗದ ಪದ್ಯಗಳು ಮೊದಲೇ ಬರೆದಿಟ್ಟವು. ಅರ್ಥ ಮಾತ್ರ ಆ ಹೊತ್ತಿಗೆ ಹುಟ್ಟುವಂಥದ್ದು. ಅದೇ ಪ್ರಸಂಗ, ಅದೇ ಅರ್ಥಧಾರಿಗಳು, ಇವತ್ತು ಒಂದೂರಿನಲ್ಲಿ ಕೇಳಿ ನಾಳೆ ಇನ್ನೊಂದೂರಿನಲ್ಲಿ ಕೇಳಿದರೆ ವಾದ ಬೇರೆ ದಾರಿ ಹಿಡಿದಿರುತ್ತದೆ. ಹಾಗಂತ ಮನಸ್ಸಿಗೆ ಬಂದ ಹಾಗೆ ಹೋಗುವಂತಿಲ್ಲ, ಮುಂದಿನ ಪದ್ಯಕ್ಕೆ ಬಂದು ಸೇರಲೇಬೇಕು. ‘ರೋಗ್’ ಕೂಡ ಹೀಗೆಯೇ ನಡೆಯುತ್ತದೆ. ಕಟ್ಟು ಗಟ್ಟಿ, ಅದರೊಳಗಿನ ನಡೆ ಪ್ರತಿ ಸಲ ಹೊಸತು. ಅಳಿಯನಿಗೆ ಇದನ್ನೇ ಹೇಳಿದೆ.

“ಅಂದರೆ ಪ್ರತಿ ಸಲ ಬೇರೆ ಮ್ಯಾಪ್ ಬರ್ತದಾ? ಯಾರು ಮಾಡುವುದು ಅದನ್ನು?”

ಯಾರೂ ಮಾಡಿಟ್ಟಿಲ್ಲ. ನೀವು ಮೆಟ್ಟಿಲು ಇಳಿದ ಕ್ಷಣದಲ್ಲಿ ಯಂತ್ರವೇ ಕಟ್ಟುತ್ತದೆ. ಒಂದು ಹಳೆಯ ಲಗ್ನಪತ್ರಿಕೆಯ ಹಿಂಬದಿಯಲ್ಲಿ ಅವನಿಗೆ ಬಿಡಿಸಿ ತೋರಿಸಿದೆ. ಪರದೆ 80 ಅಕ್ಷರ ಅಗಲ, 24 ಸಾಲು ಎತ್ತರ. ಇದನ್ನು ಅಡ್ಡಕ್ಕೆ ಮೂರು, ಉದ್ದಕ್ಕೆ ಮೂರು ಪಾಲು ಮಾಡಿ. ನವಗ್ರಹ ಮಂಡಲದ ಹಾಗೆ ಒಂಬತ್ತು ಮನೆಗಳಾದವು, ಒಂದೊಂದು 26 ಅಕ್ಷರ ಅಗಲ, 8 ಸಾಲು ಎತ್ತರ. ಪ್ರತಿ ಮನೆಯೊಳಗೆ ಒಂದು ಕೋಣೆ. ಎಷ್ಟು ದೊಡ್ಡದು, ಮನೆಯ ಯಾವ ಮೂಲೆಗೆ ಎಂಬುದನ್ನು ದಾಳ ಹೇಳುತ್ತದೆ. ಒಂದು ಮನೆಯ ಕೋಣೆ ಇನ್ನೊಂದು ಮನೆಯೊಳಕ್ಕೆ ಹೋಗುವ ಪ್ರಶ್ನೆಯೇ ಇಲ್ಲವಾದ್ದರಿಂದ ಕೋಣೆಗಳು ಒಂದರ ಮೇಲೊಂದು ಬೀಳುವುದಿಲ್ಲ. ಹೆಚ್ಚೆಂದರೆ ಮೂರು ಮನೆಗಳನ್ನು ಖಾಲಿ ಬಿಡುತ್ತದೆ, ಅಲ್ಲಿ ಹಾದಿ ಮಾತ್ರ ಹಾದುಹೋಗುತ್ತದೆ.

ಕೋಣೆ ಆಯಿತು, ಈಗ ದಾರಿ. ಯಾವುದಾದರೂ ಒಂದು ಕೋಣೆಯಲ್ಲಿ ನಿಂತು, ಇನ್ನೂ ಸಂಬಂಧ ಬೆಸೆಯದ ಪಕ್ಕದ ಕೋಣೆಯೊಂದಕ್ಕೆ ಓಣಿ ಕೊರೆ. ಈಗ ಅಲ್ಲಿ ನಿಂತು ಇನ್ನೊಂದಕ್ಕೆ ಕೊರೆ. ಪಕ್ಕದಲ್ಲಿ ಹೊಸದೊಂದೂ ಉಳಿಯದಿದ್ದರೆ, ಈಗಾಗಲೇ ಸೇರಿದ ಬೇರೆ ಕೋಣೆಗೆ ಹೋಗಿ ಅಲ್ಲಿಂದ ಶುರು ಮಾಡು. ಒಂಬತ್ತೂ ಸೇರುವ ತನಕ ಬಿಡಬೇಡ. ಹೀಗಾಗಿ ತಲುಪಲಾಗದ ಕೋಣೆ ಎಂಬುದು ಹುಟ್ಟುವುದೇ ಇಲ್ಲ. ಇಷ್ಟಕ್ಕೇ ನಿಲ್ಲಿಸಿದರೆ ಎಲ್ಲಿಂದ ಎಲ್ಲಿಗೂ ಒಂದೇ ದಾರಿ ಇರುತ್ತದೆ, ಶತ್ರು ಅಡ್ಡ ನಿಂತರೆ ಸುತ್ತಿ ಬಳಸಲು ಆಗದು. ಅದಕ್ಕೇ ಕೊನೆಗೆ ಕೆಲವು ಓಣಿಗಳನ್ನು ಹೆಚ್ಚಿಗೆ ಕೊರೆಯುತ್ತದೆ. ಮೂರು ದಿನ ಆಡಿದ ಮೇಲೆ ನನಗೆ ಇದು ಕಣ್ಣಿಗೆ ಕಾಣತೊಡಗಿತು. ಕೆಳಗಿನ ಎಡಮೂಲೆ ಇನ್ನೂ ಖಾಲಿ, ಅಂದರೆ ಅಲ್ಲೊಂದು ಕೋಣೆ ಇರಬಹುದು, ಬಾಗಿಲು ಅಡಗಿರಬಹುದು. ಗೋಡೆಯ ಪಕ್ಕ ನಿಂತು ‘ಎಸ್’ ಒತ್ತಿ ಒತ್ತಿ ಹುಡುಕಿದಾಗ ಬಾಗಿಲು ತೋರಿತು. ಆ ಕ್ಷಣ ಕೊಟ್ಟ ಸಂತೋಷ ದೊಡ್ಡದು.

ದಾಳ ಎಂದು ಹೇಳುತ್ತಲೇ ಇದ್ದೇನೆ. ಆದರೆ ಕಂಪ್ಯೂಟರಿನಲ್ಲಿ ದಾಳ ಎಲ್ಲಿದೆ? ಆಟ ಶುರುವಾದಾಗ ಗಡಿಯಾರದ ಅಂಕಿಯಿಂದ ಒಂದು ಬೀಜಸಂಖ್ಯೆ ಮಾಡಿಕೊಳ್ಳುತ್ತದೆ. ದಾಳ ಬೇಕಾದಾಗಲೆಲ್ಲ ಆ ಸಂಖ್ಯೆಯನ್ನು 11109ರಿಂದ ಗುಣಿಸಿ 13849 ಕೂಡಿಸುತ್ತದೆ. ಬಂದ ದೊಡ್ಡ ಸಂಖ್ಯೆಯ ಕೊನೆಯ ಭಾಗವನ್ನು ಬಿಟ್ಟು, ಮೇಲಿನ ಭಾಗವನ್ನು ದಾಳದ ಅಂಕಿಯಾಗಿ ಬಳಸುತ್ತದೆ. ಇಡೀ ಸಂಖ್ಯೆ ಮುಂದಿನ ಸಲಕ್ಕೆ ಬೀಜವಾಗುತ್ತದೆ. ಇದರಲ್ಲಿ ಯಾದೃಚ್ಛಿಕ ಎನ್ನುವುದು ಏನೂ ಇಲ್ಲ. ಬೀಜ ಅದೇ ಆದರೆ, ನೀವು ಮಾಡುವುದೂ ಅದೇ ಆದರೆ, ಇಡೀ ನೆಲಮಾಳಿಗೆ ಚುಕ್ಕಿ ತಪ್ಪದಂತೆ ಮತ್ತೆ ಹುಟ್ಟುತ್ತದೆ. ಅಂಕಿಗಳು ಎತ್ತಲಿಂದ ಎತ್ತಲೋ ಜಿಗಿಯುವುದರಿಂದ ಆಡುವವರ ಊಹೆಗೆ ಸಿಗುವುದಿಲ್ಲ, ಅಷ್ಟೆ.

ಅಕ್ಷರಗಳೇ ಯಾಕೆ ಎಂಬುದಕ್ಕೂ ಒಂದು ಲೆಕ್ಕ ಇದೆ. ಆಗ ಒಂದು ದೊಡ್ಡ ಯಂತ್ರಕ್ಕೆ ಹತ್ತಾರು ಟರ್ಮಿನಲ್‌ಗಳು ತಂತಿಯಲ್ಲಿ ಜೋಡಿಸಿರುತ್ತಿದ್ದವು. ಫೋನ್ ತಂತಿಯ ಮೋಡೆಮ್ 300 ಬಾಡ್ ವೇಗದ್ದಾದರೆ ಸೆಕೆಂಡಿಗೆ ಸುಮಾರು 30 ಅಕ್ಷರ ಬರುತ್ತದೆ. 80 ಗುಣಿಸು 24, ಅಂದರೆ 1920 ಅಕ್ಷರಗಳ ಒಂದು ಪರದೆ ತುಂಬಲು ಒಂದು ನಿಮಿಷ ದಾಟುತ್ತದೆ. ಪ್ರತಿ ಹೆಜ್ಜೆಗೂ ಹೀಗೆ ಬಿಡಿಸಿದರೆ ಆಡುವುದು ಹೇಗೆ? ಕೆನ್ ಆರ್ನಾಲ್ಡ್ ಅವರ ‘ಕರ್ಸಸ್’ ಎಂಬ ತಂತ್ರಾಂಶ ಇದಕ್ಕೆ ಉತ್ತರವಾಯಿತು. ಹಳೆಯ ಪರದೆ ಹೇಗಿತ್ತು, ಹೊಸದು ಹೇಗಿರಬೇಕು ಎಂದು ಎರಡನ್ನೂ ಹೋಲಿಸಿ, ಬದಲಾದ ಅಕ್ಷರಗಳನ್ನು ಮಾತ್ರ ಆಯಾ ಜಾಗಕ್ಕೆ ಕಳಿಸುತ್ತದೆ. ನೀವು ಒಂದು ಹೆಜ್ಜೆ ಇಟ್ಟರೆ ಹಳೆಯ ಜಾಗಕ್ಕೆ ಒಂದು ಚುಕ್ಕಿ, ಹೊಸ ಜಾಗಕ್ಕೆ ಒಂದು ‘ಅಟ್’. ಇಷ್ಟು ಸಾಕು. ಯುನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ 1983ರ ಆವೃತ್ತಿಯಾದ 4.2 ಬಿಎಸ್‌ಡಿ ಜೊತೆ ‘ರೋಗ್’ ಹೋದದ್ದರಿಂದ ವಿಶ್ವವಿದ್ಯಾಲಯಗಳಲ್ಲೆಲ್ಲ ಹರಡಿತು.

ಅಷ್ಟರಲ್ಲಿ ಅಳಿಯನ ಎದುರಿಗೆ ಒಂದು ‘ಎಚ್’ ಬಂದು ನಿಂತಿತ್ತು. ಹಾಬ್‌ಗಾಬ್ಲಿನ್, ಅಂದರೆ ಒಂದು ಬಗೆಯ ಕುಟ್ಟಿಚಾತನ್ ಎಂದಿಟ್ಟುಕೊಳ್ಳಿ. ಅವನು ಅದರ ಕಡೆಗೆ ಕೀಲಿ ಒತ್ತುತ್ತಲೇ ಹೋದ. ತಪ್ಪಿತು, ತಪ್ಪಿತು, ತಾಗಿತು, ತಪ್ಪಿತು. ಇವತ್ತಿನ ಆಟಗಳಲ್ಲಿ ಗುರಿ ಸರಿಯಿದ್ದರೆ ಗುಂಡು ತಾಗಲೇಬೇಕು. ಇಲ್ಲಿ ಎದುರಿಗೇ ನಿಂತವನಿಗೂ ಏಟು ತಪ್ಪುತ್ತದೆ, ಹೊಸಬರಿಗೆ ಇದರಷ್ಟು ಸಿಟ್ಟು ಬರಿಸುವುದು ಇನ್ನೊಂದಿಲ್ಲ. ಒಳಗಿನ ಲೆಕ್ಕ ಹೀಗೆ: 20ರಲ್ಲಿ ನಿಮ್ಮ ಮಟ್ಟ (ಅನುಭವ ಹೆಚ್ಚಿದಂತೆ ಏರುವ ಅಂಕಿ) ಕಳೆಯಿರಿ, ಎದುರಾಳಿಯ ರಕ್ಷಣೆಯ ಅಂಕಿಯನ್ನೂ ಕಳೆಯಿರಿ. ದಾಳದ ಅಂಕಿಗೆ ನಿಮ್ಮ ಆಯುಧದ ಬಲ ಕೂಡಿಸಿದಾಗ ಅದು ಆ ಉಳಿಕೆಯನ್ನು ಮುಟ್ಟಬೇಕು. ಮೊದಲ ಮಟ್ಟದಲ್ಲಿ, ಕೈಯಲ್ಲಿ ಕೊಟ್ಟ ಗದೆಯಿಂದ ಹಾಬ್‌ಗಾಬ್ಲಿನ್‌ಗೆ 20 ಏಟು ಬೀಸಿದರೆ ಸರಾಸರಿ 7 ತಾಗುತ್ತವೆ. ಅದು ಮಲಗಿದ್ದರೆ 11. ಅದು ಹೊಡೆದ ಒಂದು ಏಟು 1ರಿಂದ 8ರವರೆಗೆ ಕಳೆಯಬಹುದು, ನಿಮ್ಮ ಜೀವದ ಅಂಕಿ ಶುರುವಿಗೆ 12 ಮಾತ್ರ. ಇದು ಗೊತ್ತಾದ ಮೇಲೆ ನನ್ನ ಆಟವೇ ಬದಲಾಯಿತು. ಮಲಗಿದ್ದಾಗ ಹೊಡೆಯುವುದು, ದೂರದಿಂದ ಬಾಣ ಬಿಡುವುದು, ಇಬ್ಬರು ಬಂದರೆ ಓಣಿಯೊಳಗೆ ನಿಂತು ಒಬ್ಬೊಬ್ಬರನ್ನೇ ಎದುರಿಸುವುದು. ಕೈಚಳಕದ ಕೆಲಸ ಇಲ್ಲಿಲ್ಲ. ನೀವು ಕೀಲಿ ಒತ್ತುವ ತನಕ ಇಡೀ ಲೋಕ ಕಾಯುತ್ತದೆ, ಯೋಚಿಸಲು ಬೇಕಾದಷ್ಟು ಹೊತ್ತಿದೆ.

ಹೊತ್ತೇನೋ ಇದೆ, ಹೆಜ್ಜೆಗಳು ಬೇಕಾದಷ್ಟಿಲ್ಲ. ಈ ಆಟದ ಕಟ್ಟಿನಲ್ಲಿ ನಾನು ತುಂಬ ಮೆಚ್ಚಿದ್ದು ಹಸಿವು. ಏಟು ತಿಂದ ಮೇಲೆ ಸುಮ್ಮನೆ ಕೂತರೆ ಗಾಯ ಮಾಯುತ್ತದೆ, ಆದರೆ ಮೊದಲ ಮಟ್ಟದಲ್ಲಿ ಒಂದು ಅಂಕಿ ಏರಲು ಸುಮಾರು 20 ಸರದಿ ಬೇಕು. ಇತ್ತ ಒಂದು ಊಟ ಸುಮಾರು 1300 ಸರದಿಗೆ ಸಾಕು. ಪೂರ್ತಿ ಗುಣವಾಗಲು ಪ್ರತಿ ಸಲ ಕೂತರೆ ಅನ್ನ ಮುಗಿಯುತ್ತದೆ. ಹೊಸ ಅನ್ನ ಸಿಗುವುದು ಮುಂದಿನ ಅಂತಸ್ತುಗಳಲ್ಲಿ. ಇಳಿಯದೆ ಗತಿಯಿಲ್ಲ, ಅರೆಜೀವದಲ್ಲಿ ಇಳಿದರೆ ಕೆಳಗಿನವರು ಇನ್ನೂ ಬಲಿಷ್ಠರು. ಎರಡೇ ಅಂಕಿಗಳನ್ನು ಒಂದಕ್ಕೊಂದು ಎದುರು ನಿಲ್ಲಿಸಿ ಇಡೀ ಆಟಕ್ಕೆ ಬಿಗಿ ತಂದಿದ್ದಾರೆ. ಕಾವಲುಗಾರನನ್ನು ಇಟ್ಟು ಮುಂದೆ ತಳ್ಳಬೇಕಾಗಿಲ್ಲ, ಹೊಟ್ಟೆಯೇ ತಳ್ಳುತ್ತದೆ.

ಮದ್ದಿನ ಸೀಸೆಗಳ ವಿಷಯ ಇನ್ನೂ ಸೊಗಸು. 14 ಬಗೆಯ ಮದ್ದುಗಳಿವೆ. ಗಾಯ ಮಾಯಿಸುವುದು ಒಂದು, ಬಲ ಹೆಚ್ಚಿಸುವುದು ಒಂದು, ಕಣ್ಣು ಕಾಣದಂತೆ ಮಾಡುವುದು ಒಂದು, ವಿಷ ಒಂದು. ಸೀಸೆಯ ಮೇಲೆ ಹೆಸರಿರುವುದಿಲ್ಲ, ಬಣ್ಣ ಮಾತ್ರ. ಯಾವ ಬಣ್ಣಕ್ಕೆ ಯಾವ ಮದ್ದು ಎಂಬುದನ್ನು ಆಟ ಶುರುವಾದಾಗ ದಾಳ ಹಾಕಿ ನಿರ್ಧರಿಸಿರುತ್ತದೆ. ಕುಡಿದೇ ತಿಳಿಯಬೇಕು. ಆಟಿ ಅಮಾವಾಸ್ಯೆಗೆ ಪಾಲೆ ಮರದ ಕೆತ್ತೆಯ ಕಷಾಯ ಕುಡಿಯುವ ನಮಗೆ ಇದು ಬೇಗ ಅರ್ಥವಾಗಬೇಕು. ನಸುಕಿನ ಕತ್ತಲಲ್ಲಿ ಮರ ಗುರುತಿಸಿ ಕೆತ್ತೆ ತರಬೇಕು, ಪಾಲೆಯೆಂದುಕೊಂಡು ಕಾಸರಕದ ಕೆತ್ತೆ ತಂದರೆ ಜೀವಕ್ಕೇ ಅಪಾಯ. ಗುರುತು ಹೇಳಲು ನಮಗೆ ಹಿರಿಯರಿದ್ದಾರೆ, ‘ರೋಗ್’ನಲ್ಲಿ ಅವರಿಲ್ಲ. ಹಾಗಾಗಿ ಸುರಕ್ಷಿತ ಜಾಗದಲ್ಲಿ, ಸುತ್ತ ಯಾರೂ ಇಲ್ಲದಾಗ, ಒಂದೊಂದನ್ನೇ ಕುಡಿದು ನೋಡುವುದು ಜಾಣತನ. ಒಮ್ಮೆ ತಿಳಿದ ಮೇಲೆ ಆ ಆಟ ಮುಗಿಯುವವರೆಗೆ ಆ ಬಣ್ಣ ಅದೇ. ಮುಂದಿನ ಆಟಕ್ಕೆ ಆ ತಿಳಿವಳಿಕೆ ಕೆಲಸಕ್ಕೆ ಬಾರದು.

“ಹಾಗಾದರೆ ಸೇವ್ ಮಾಡಿ ಕುಡಿದು ನೋಡಿದರಾಯ್ತಲ್ಲ ಮಾಮ?”

ಎಲ್ಲರೂ ಕೇಳುವ ಪ್ರಶ್ನೆ ಇದು, ಆಟ ಬರೆದವರೂ ಇದನ್ನು ಮೊದಲೇ ಯೋಚಿಸಿದ್ದರು. ಆಟವನ್ನು ಉಳಿಸಿಟ್ಟು ನಾಳೆ ಮುಂದುವರಿಸಬಹುದು. ಆದರೆ ಉಳಿಸಿದ ಕಡತವನ್ನು ತೆರೆದ ಕೂಡಲೇ ಅದು ಅಳಿಸಿಹೋಗುತ್ತದೆ. ಸತ್ತರೆ ಹಿಂದಿನ ಜಾಗಕ್ಕೆ ಮರಳಲು ಏನೂ ಇರುವುದಿಲ್ಲ. ಪರದೆಯ ಮೇಲೆ ಅಕ್ಷರಗಳಲ್ಲೇ ಕಡೆದ ಒಂದು ಗೋರಿಕಲ್ಲು ಮೂಡುತ್ತದೆ, ಅದರಲ್ಲಿ ನಿಮ್ಮ ಹೆಸರು, ಚಿನ್ನ, ಕೊಂದವರು ಯಾರು, ಯಾವ ವರ್ಷ. ಕೂಡಿಟ್ಟ ಚಿನ್ನದಲ್ಲೂ ಹತ್ತರಲ್ಲೊಂದು ಪಾಲು ಕಳೆದು ಅಂಕಪಟ್ಟಿಗೆ ಸೇರಿಸುತ್ತದೆ. ಇದು ಕ್ರೂರ ಅನಿಸಬಹುದು. ನನಗೂ ಎರಡು ಗಂಟೆ ಆಡಿ ಎಂಟನೇ ಅಂತಸ್ತಿನಲ್ಲಿ ಸತ್ತ ದಿನ ಕಣ್ಣಂಚು ಒದ್ದೆಯಾಗಿತ್ತು. ಆದರೂ ಇದು ಸರಿ ಎಂದೇ ನನ್ನ ಅಭಿಪ್ರಾಯ. ಹಿಂತಿರುಗಿ ಬರಬಹುದಾದರೆ ಸೀಸೆ ಎತ್ತುವಾಗ ಕೈ ತಡೆಯುವುದಿಲ್ಲ. ಬಾಗಿಲ ಬಳಿ ನಿಂತು ಯೋಚಿಸುವುದಿಲ್ಲ. ಕೂಟದಲ್ಲಿ ಅರ್ಥಧಾರಿ ಆಡಿದ ಮಾತನ್ನು ಹಿಂದೆಗೆದುಕೊಳ್ಳಲು ಬರುವುದಿಲ್ಲ. ಅಲ್ಲಿಂದಲೇ ಮುಂದೆ ವಾದ ಕಟ್ಟಬೇಕು. ಬಿಗಿ ಬರುವುದು ಅದರಿಂದ.

ಮೆಚ್ಚಲಾಗದ್ದೂ ಇದೆ, ಮುಚ್ಚಿಡುವುದಿಲ್ಲ. ಆಳಕ್ಕೆ ಹೋದಂತೆ ದಾಳದ ಪಾಲು ವಿಪರೀತ ಹೆಚ್ಚುತ್ತದೆ. ಒಳ್ಳೆಯ ಕವಚ ಸಿಗದ ಆಟದಲ್ಲಿ ಎಷ್ಟು ಜಾಣತನ ತೋರಿದರೂ ಟ್ರೋಲ್ ಎಂಬ ರಾಕ್ಷಸ ಎದುರು ಬಂದರೆ ಮುಗಿಯಿತು. ಅದು ಒಂದೇ ಸರದಿಯಲ್ಲಿ ಮೂರು ಏಟು ಹೊಡೆಯುತ್ತದೆ. ಅಂಥ ಸಾವಿನಿಂದ ಕಲಿಯಲು ಏನೂ ಸಿಗಲಿಲ್ಲ. ಇದೇ ಜಾಡಿನಲ್ಲಿ 1987ರಲ್ಲಿ ಬಂದ ‘ನೆಟ್‌ಹ್ಯಾಕ್’ ತಪ್ಪಿಸಿಕೊಳ್ಳುವ ದಾರಿಗಳನ್ನು ಎಷ್ಟೋ ಹೆಚ್ಚಿಸಿತು. ಈಗಿನ ‘ರೋಗ್‌ಲೈಕ್’ ಎಂಬ ಹಣೆಪಟ್ಟಿಯ ಆಟಗಳೆಲ್ಲ ಹೆಸರು ಪಡೆದದ್ದು ಇದರಿಂದಲೇ. ಅಳಿಯ ಅಂಥ ಒಂದೆರಡನ್ನು ಮೊಬೈಲಿನಲ್ಲಿ ಆಡಿದ್ದಾನಂತೆ, ಆ ಹೆಸರು ಎಲ್ಲಿಂದ ಬಂತೆಂದು ಅವನಿಗೆ ಗೊತ್ತಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅವನು ಎರಡು ಸಲ ಸತ್ತು ಮೂರನೆಯ ಆಟದಲ್ಲಿದ್ದ. ಅಡುಗೆಮನೆಯಿಂದ ಪತ್ರೊಡೆ ಬೇಯುವ ಪರಿಮಳ. ಲ್ಯಾಪ್‌ಟಾಪ್‌ನಲ್ಲಿ ಶೇಕಡಾ 30 ಚಾರ್ಜ್. ಓಣಿಯ ತುದಿಯಲ್ಲಿ ‘ಎ’ ಕಾಣಿಸಿತು. ಅಕ್ವೇಟರ್: ಅದರ ಏಟಿಗೆ ಜೀವದ ಅಂಕಿ ಒಂದೂ ಇಳಿಯುವುದಿಲ್ಲ, ಕಬ್ಬಿಣದ ಕವಚ ಮಾತ್ರ ತಾಗಿದಷ್ಟು ಸಲ ತುಕ್ಕು ಹಿಡಿದು ಸವೆಯುತ್ತದೆ. ಸವೆದ ಕವಚದಲ್ಲಿ ಮುಂದಿನ ಅಂತಸ್ತುಗಳನ್ನು ದಾಟುವುದು ಕಷ್ಟ.

“ಈಗ ಎಂತ ಮಾಡುವುದು?”

“ಯೋಚನೆ ಮಾಡು. ಅದು ಹೊಡೆದರೆ ನಿನಗೆ ಏನೂ ಆಗುವುದಿಲ್ಲ, ಕವಚಕ್ಕೆ ಮಾತ್ರ.”

ಪರದೆಯನ್ನೇ ನೋಡುತ್ತ ಕೂತ. ಹೊರಗೆ ಮಳೆ ಇನ್ನೂ ಜೋರಾಯಿತು. ‘ಎ’ ಇದ್ದಲ್ಲೇ ಇತ್ತು, ಇವನು ಕೀಲಿ ಒತ್ತುವವರೆಗೆ ಅದು ಕದಲುವುದಿಲ್ಲ.

“ಕರ್ಣನ ಹಾಗೆ ಕವಚ ಬಿಚ್ಚಿ ಇಡಬೇಕಾ ಮಾಮ?”

ನಾನು ಉತ್ತರ ಹೇಳಲಿಲ್ಲ. ಅವನ ಬೆರಳು ಆಗಲೇ ದೊಡ್ಡಕ್ಷರದ ‘ಟಿ’ ಮೇಲಿತ್ತು, ಕವಚ ಬಿಚ್ಚುವ ಕೀಲಿ ಅದು.